ಜವುಗುನಾಡಿನ ಹುಳಿನೀರು ಸುಣ್ಣಕಲ್ಲನ್ನು ಕರಗಿಸುವ ಬಗೆ: ಮನೆಯಲ್ಲೇ ಮಾಡಿ ನೋಡುವುದು ಹೇಗೆ?

ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ಸೀಮೆಸುಣ್ಣಕ್ಕೆ ವಿನೆಗರ್ ಸುರಿದು ‘ಗುಹೆಗಳು ಹೀಗೆ ಆಗುತ್ತವೆ’ ಎಂದು ವಿವರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿಯ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂ. ಅದು ಸುಣ್ಣಕಲ್ಲೇ ಅಲ್ಲ. ನೊರೆ ಬಂದಾಗಲೂ ಮುಖ್ಯ ಸಂಗತಿ ತಪ್ಪಿಹೋಗುತ್ತದೆ: ಹುಳಿ ಇನ್ನೂ ಖರ್ಚಾಗದ ಹೊಸ ನೀರು ಕಲ್ಲಿಗೆ ಸತತವಾಗಿ ತಾಗುತ್ತಿದ್ದರೆ ಮಾತ್ರ ಕಲ್ಲು ಸವೆಯುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಇಂಗಲ್‌ಬರೋ ಬೆಟ್ಟದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಮೇಲಿನ ಇಳಿಜಾರುಗಳಲ್ಲಿ ಅರೆಕೊಳೆತ ಪಾಚಿಯಿಂದಾದ ಪೀಟ್ ಮಣ್ಣು ಹರಡಿದೆ. ಪೀಟ್‌ನಿಂದ ಒಸರುವ ಕಂದು ನೀರಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಅನೇಕ ಕಡೆ 4ರ ಆಸುಪಾಸಿನಲ್ಲಿರುತ್ತದೆ. ದಾರಿಯಲ್ಲಿ ಸುಣ್ಣದ ಅಂಶ ಅಷ್ಟಾಗಿ ಸಿಗದ ಕಾರಣ ಆ ಹುಳಿ ಬಹುಮಟ್ಟಿಗೆ ಹಾಗೆಯೇ ಉಳಿದು, ಸುಣ್ಣಕಲ್ಲು ಆರಂಭವಾಗುವ ಅಂಚಿನಲ್ಲಿ ಕೆಲಸಕ್ಕೆ ತೊಡಗುತ್ತದೆ. ಕಂದರಗಳು ಆ ಅಂಚಿನ ಸುತ್ತಮುತ್ತಲೇ ಬಾಯ್ದೆರೆದಿರುವುದು ಇದರಿಂದಲೇ. ಫೆಲ್ ಬೆಕ್ ತೊರೆ ಸುಮಾರು 100 ಮೀಟರ್ ಆಳಕ್ಕೆ ಧುಮುಕುವ ಗೇಪಿಂಗ್ ಗಿಲ್ ಅವುಗಳಲ್ಲಿ ಪ್ರಸಿದ್ಧ. ಫ್ರಾನ್ಸಿನ ಗುಹಾಶೋಧಕ ಎದುವಾರ್ ಮಾರ್ತೆಲ್ 1895ರಲ್ಲಿ ಮೊದಲ ಬಾರಿಗೆ ಅದರ ತಳ ಮುಟ್ಟಿದರು.

ಮೊದಲ ಹಂತ: ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಶಹಾಬಾದ್ ಕಲ್ಲಿನ ಚೂರುಗಳನ್ನು ತನ್ನಿ. ಒಂದು ಚೂರಿಗೆ ವಿನೆಗರ್ ಹನಿಸಿ, ಗುಳ್ಳೆ ಎದ್ದರೆ ಅದು ಸುಣ್ಣಕಲ್ಲು.

ಎರಡನೆಯ ಹಂತ: ಚೂರುಗಳನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ತೂಗಿ. ಧೂಳು ಉಳಿದರೆ ಅದು ಆಮೇಲೆ ತೊಳೆದುಹೋಗಿ, ಕಲ್ಲು ಕರಗಿತೆಂಬ ತಪ್ಪು ಲೆಕ್ಕ ಸಿಗುತ್ತದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿಯೇ ಬೇಕು.

ಮೂರನೆಯ ಹಂತದಲ್ಲಿ ಹೆಚ್ಚಿನವರು ಎಡವುತ್ತಾರೆ. ಪೀಟ್ ನೀರಿನ ಬದಲಿಗೆ ನಾನು ಸಾದಾ ಸೋಡಾವನ್ನೇ ಬಳಸಲು ಹೇಳುತ್ತೇನೆ, ಏಕೆಂದರೆ ಅದರಲ್ಲಿರುವ ಕಾರ್ಬಾನಿಕ್ ಆಮ್ಲ ಪ್ರಕೃತಿಯಲ್ಲಿಯೂ ಸುಣ್ಣಕಲ್ಲನ್ನು ಕರಗಿಸುವ ಮುಖ್ಯ ಆಮ್ಲ. ನರ್ಸರಿಯ ಕೋಕೋಪೀಟ್ ತೆಂಗಿನ ನಾರಿನ ಪುಡಿ, ಅದರಲ್ಲಿ ಅಂಥ ಹುಳಿಯಿಲ್ಲ. ಲೇಬಲ್ಲಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಎಂದಿದ್ದರೆ ಆ ಸೋಡಾವನ್ನು ಕೊಳ್ಳಬೇಡಿ, ಅದು ಹುಳಿಯನ್ನು ತಗ್ಗಿಸುತ್ತದೆ. ಬಾಟಲಿಯನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಣಿಸಿ, ತಣ್ಣನೆಯ ನೀರು ಆ ಆಮ್ಲಕ್ಕೆ ಮೂಲವಾದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ಸೋಡಾ ಚೆಲ್ಲಿ, ಚೂರುಗಳನ್ನು ನೆನೆಸಿ ಒಂದೊಂದಾಗಿ ಒಳಗೆ ಬಿಟ್ಟು, ತಕ್ಷಣ ಮುಚ್ಚಳ ಬಿಗಿಯಿರಿ. ಆಗ ಉಕ್ಕುವ ನೊರೆ ಸೋಡಾದಿಂದ ಬಿಡುಗಡೆಯಾದ ಅನಿಲ. ಅದನ್ನು ಕಲ್ಲು ಕರಗಿದ ಗುರುತೆಂದು ಭಾವಿಸಬಾರದು. ಬಾಟಲಿಯನ್ನು ಫ್ರಿಜ್ಜಿಗೆ ಮರಳಿಸಿ, ಪ್ರತಿದಿನವೂ ಹೊಸ ಸೋಡಾಕ್ಕೆ ಬದಲಿಸಿ. ತೆರೆದ ಲೋಟದಲ್ಲಿ ವಾರವಿಡೀ ಬಿಟ್ಟರೆ ಅನಿಲ ಹೊರಟುಹೋಗಿ, ನೀರು ಸುಣ್ಣದಿಂದ ತುಂಬಿ, ಕರಗುವಿಕೆ ನಿಲ್ಲುತ್ತದೆ. ಕರಗಿದ ಸುಣ್ಣವೇ ಮರಳಿ ಕಲ್ಲಿನ ಮೇಲೆ ಕೂರಲೂಬಹುದು. ಇನ್ನೊಂದು ಬಾಟಲಿಯಲ್ಲಿ ಅಷ್ಟೇ ಚೂರುಗಳನ್ನು ಕುದಿಸಿ ಆರಿಸಿದ ನೀರಿನಲ್ಲಿಟ್ಟು ಹೋಲಿಸಿ.

ನಾಲ್ಕನೆಯ ಹಂತ: ಏಳು ದಿನಗಳ ನಂತರ ಮೊದಲಿನಂತೆಯೇ ತೊಳೆದು, ಒಣಗಿಸಿ, ತೂಗಿ. ತೂಕ ಎರಡು ಸಲ ಒಂದೇ ಬರುವವರೆಗೆ ಒಣಗಿಸುವುದನ್ನು ಬಿಡಬೇಡಿ.

ಬಳಸಿದ ಸೋಡಾವನ್ನೂ ಚೆಲ್ಲಬೇಡಿ. ಅದನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿನಲ್ಲಿ ಆರಲು ಬಿಟ್ಟರೆ ತಳದಲ್ಲಿ ಬಿಳಿಯ ಪೊರೆ ಉಳಿಯುತ್ತದೆ. ಪಕ್ಕದ ತಟ್ಟೆಯಲ್ಲಿ ಕಲ್ಲು ಸೋಕದ ಸೋಡಾವನ್ನೂ ಆರಿಸಿ, ಎರಡನ್ನೂ ಮಕ್ಕಳ ಮುಂದಿಡಿ. ಇಂಗಲ್‌ಬರೋ ಗುಹೆಯ ಚಾವಣಿಯಿಂದ ಹನಿಯುವ ನೀರು ಅನಿಲವನ್ನು ಬಿಟ್ಟುಕೊಟ್ಟು ಕಟ್ಟುವ ತೂಗುಗಲ್ಲುಗಳೂ ಇದೇ ಸುಣ್ಣದವು.