ಟ್ಯಾಟೂ ತೆಗೆಸಿದ ಗಾಯವನ್ನು ಒಣಗಿಸಬೇಡಿ

ದಾವಣಗೆರೆಯ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಟ್ಯಾಟೂಗೆ ಲೇಸರ್ ಹೊಡೆಯುವುದು ಡಾಕ್ಟರ ಕೆಲಸ, ಆಮೇಲಿನ ಗಾಯ ನೋಡಿಕೊಳ್ಳುವುದು ನನ್ನದು. ಸೇನೆಗೆ ಸೇರಬೇಕೆಂದು ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವ ಹುಡುಗರೇ ಹೆಚ್ಚು. ಮುಂಗೈ ಒಳಭಾಗದಲ್ಲೋ ಅಂಗೈ ಹಿಂಬದಿಯಲ್ಲೋ ಇರುವ ಟ್ಯಾಟೂವನ್ನು ಸೇನೆ ಒಪ್ಪುತ್ತದೆ. ತೋಳು, ಎದೆ, ಕತ್ತಿನ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಭರ್ತಿಯ ದಿನಾಂಕ ಬಂದ ಮೇಲೆ ಓಡಿ ಬರುತ್ತಾರೆ ಪಾಪ. ಒಂದೇ ಸಲಕ್ಕೆ ಹೋಗುವುದಲ್ಲ ಇದು. ಎರಡು ಸಿಟ್ಟಿಂಗ್ ನಡುವೆ 6ರಿಂದ 8 ವಾರ ಬಿಡಬೇಕು.

ಲೇಸರ್ ಬಿದ್ದ ಕೂಡಲೇ ಆ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಶಾಯಿಯ ಕಣ ಸಿಡಿದಾಗ ಚರ್ಮದೊಳಗೆ ಏಳುವ ಗಾಳಿಗುಳ್ಳೆಗಳಿಂದ ಹಾಗೆ ಕಾಣುವುದು. ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಮೇಲೆ ಬಾವು, ಉರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡುತ್ತೇನೆ, ಬರೀ ಐಸ್ ಅಲ್ಲ. ಒಂದೆರಡು ದಿನದಲ್ಲಿ ನೀರುಗುಳ್ಳೆ ಎದ್ದರೆ ಜನ ಹೆದರುತ್ತಾರೆ: "ಸಿಸ್ಟರ್, ಕೈ ಸುಟ್ಟೈತ್ರೀ!" ಗುಳ್ಳೆ ಏಳುವುದು ಸಾಮಾನ್ಯ. ಅದರ ಮೇಲಿನ ತೆಳು ಪೊರೆಯೇ ಕೆಳಗಿನ ಎಳೆ ಚರ್ಮಕ್ಕೆ ಹೊದಿಕೆ. ಅದನ್ನು ಮನೆಯಲ್ಲಿ ಒಡೆಯಬಾರದು. ದೊಡ್ಡದಾಗಿ ಬಿಗಿದು ನೋಯುತ್ತಿದ್ದರೆ ಡಾಕ್ಟರನ್ನು ಕೇಳಿ ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸುತ್ತೇನೆ, ಪೊರೆ ಕೀಳುವುದಿಲ್ಲ.

ನನ್ನ ನಿಜವಾದ ಜಗಳ ಇರುವುದು 'ಗಾಯ ಗಾಳಿಗೆ ಒಣಗಬೇಕು' ಎನ್ನುವ ನಂಬಿಕೆಯ ಜೊತೆ. ಒಬ್ಬ ತಾಯಿ ಮಗನ ತೋಳಿಗೆ ಅರಿಶಿಣ ಮೆತ್ತಿ ಕರೆತಂದಿದ್ದರು. "ಬೇಗ ಒಣಗ್ಲಿ ಅಂತ ಹಚ್ಚೀನವ್ವಾ" ಅಂದರು. ಅರಿಶಿಣ ಹಕ್ಕಳೆಯ ಜೊತೆ ಗಟ್ಟಿಯಾಗಿ, ಕೈ ಮಡಿಸಿದಲ್ಲೆಲ್ಲ ಬಿರಿದಿತ್ತು. ಸಲೈನಿನಲ್ಲಿ (ಶುದ್ಧ ಉಪ್ಪುನೀರಿನಲ್ಲಿ) ತೊಯ್ಸಿದ ಗಾಜ್ ಬಟ್ಟೆ ಇಟ್ಟು, ಕಾದು, ನೆನೆದಷ್ಟನ್ನೇ ಬಿಡಿಸಿದೆ. ಎಳೆದಿದ್ದರೆ ಹೊಸ ಚರ್ಮವೂ ಕಿತ್ತು ಬರುತ್ತಿತ್ತು. ಹಳದಿ ಬಣ್ಣದಡಿ ಸೋಂಕಿನ ಗುರುತೂ ಕಾಣುವುದಿಲ್ಲ ಎಂದು ಆ ತಾಯಿಗೆ ತಿಳಿಸಿ ಹೇಳಿದೆ, ಒಪ್ಪಿದರು.

ತೇವದಲ್ಲಿ ಮುಚ್ಚಿಟ್ಟ ಗಾಯ ಬೇಗ ಮಾಯುತ್ತದೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆಂದು ತೋರಿಸಿದ್ದರು. ಒಣ ಹಕ್ಕಳೆ ಇದ್ದರೆ ಹೊಸ ಚರ್ಮ ಅದರಡಿ ತೂರಿ ದಾರಿ ಹುಡುಕಬೇಕು.

ಹಾಗಾಗಿ ನಾನು ಹೇಳುವುದು ಇಷ್ಟೇ. ಕೈ ತೊಳೆದುಕೊಳ್ಳಿ. ಗಾಯವನ್ನು ಮೆದು ಸೋಪು, ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ. ವ್ಯಾಸಲೀನ್ ತೆಳ್ಳಗೆ ಹಚ್ಚಿ, ಅಂಟದ ಡ್ರೆಸಿಂಗ್ ಇಟ್ಟು ಪೇಪರ್ ಟೇಪ್ ಹಾಕಿ. ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬೆವರಿ ಡ್ರೆಸಿಂಗ್ ಒದ್ದೆಯಾದರೆ ಮತ್ತೆ ಬದಲಿಸಿ. ಮೆಕ್ಕೆಜೋಳದ ಕಣದ ಧೂಳಿಗೆ ಹೋಗಲೇಬೇಕಾದರೆ ಮೇಲೊಂದು ಸಡಿಲ ತೋಳಿನ ಕಾಟನ್ ಅಂಗಿ ಇರಲಿ. ಕೆರೆ, ಕಾಲುವೆಯ ಈಜು ಪೂರ್ತಿ ಮಾಯುವವರೆಗೆ ಬೇಡವೇ ಬೇಡ.

ನಮ್ಮ ಕಂದು ಮೈಯಲ್ಲಿ ಕೆಂಪು ಸರಿಯಾಗಿ ಕಾಣದು. ಅದಕ್ಕೇ ಗ್ಲೌಸ್ ಹಾಕಿದ ಕೈಯ ಹಿಂಬದಿಯನ್ನು ಗಾಯದ ಸುತ್ತ ಇಟ್ಟು ಬಿಸಿ ನೋಡುತ್ತೇನೆ, ಇನ್ನೊಂದು ತೋಳಿಗೂ ಇಟ್ಟು ಹೋಲಿಸುತ್ತೇನೆ. ದಿನ ಕಳೆದಂತೆ ನೋವು ಇಳಿಯಬೇಕು. ಏರಿದರೆ, ಬಾವು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಬನ್ನಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಇನ್ನೂ ಎಚ್ಚರದಿಂದ ಗಮನಿಸಬೇಕು.

ಮಾಯ್ದ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಬೈಕ್ ಓಡಿಸುವಾಗ ತುಂಬುತೋಳು. ಬಿಸಿಲು ಬಿದ್ದರೆ ಆ ಜಾಗ ಕಪ್ಪಾಗುತ್ತದೆ. ಮುಂದಿನ ಸಿಟ್ಟಿಂಗ್‌ಗೆ ಬಂದಾಗ ಚರ್ಮ ಇನ್ನೂ ಎಳೆಗೆಂಪಾಗಿ ಹೊಳೆಯುತ್ತಿದ್ದರೆ, ಭರ್ತಿ ಹತ್ತಿರವಿದೆ ಎಂದು ಹುಡುಗ ಎಷ್ಟೇ ಗೋಗರೆದರೂ, ಇವತ್ತು ಬೇಡ ಎಂದು ನಾನೇ ಡಾಕ್ಟರಿಗೆ ಹೇಳುತ್ತೇನೆ.