ಒಂದು ಅಕ್ಷರ ತಪ್ಪಿದ ವಿಳಾಸ ಕೊಡಿಸಿದ ಪರಿಹಾರ

2024ರಲ್ಲಿ ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವದ ಮರುದಿನ ರಾತ್ರಿ ಆ ಮೇಲ್ ಬಂತು. ಮೊಸರುಕುಡಿಕೆ ನೋಡಲು ರಥಬೀದಿಯಲ್ಲಿ ನಿಂತು ನಿಂತು ಇನ್ನೂ ಕಾಲು ನೋಯುತ್ತಿತ್ತು. ಮಲಗುವ ಮೊದಲು ಸುಮ್ನೆ ಫೋನ್ ತೆರೆದೆ. ಹಿಂದಿನ ವರ್ಷ ಕಂತಿನಲ್ಲಿ ವಾಷಿಂಗ್ ಮೆಷಿನ್ ಕೊಂಡಿದ್ದ ಆನ್‌ಲೈನ್ ಕಂಪನಿಯ ಮೇಲ್ ಅದು. ಕೆಲವು ಗ್ರಾಹಕರ ಮಾಹಿತಿ ಹೊರಗಿನವರ ಕೈಗೆ ಸಿಕ್ಕಿರಬಹುದು, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ನಾಲ್ಕು ಸಾಲು ಇತ್ತು. ಯಾವ ಮಾಹಿತಿ, ಯಾವಾಗ ಹೋದದ್ದು, ಎಂತದೂ ಇಲ್ಲ.

ಕಂತಿಗಾಗಿ ನಾನು ಆ ಕಂಪನಿಗೆ ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ಖಾತೆ ಎಲ್ಲಾ ಕೊಟ್ಟಿದ್ದೆ. ಪಾಸ್‌ವರ್ಡ್ ಬದಲಿಸಬಹುದು. ಪ್ಯಾನ್ ನಂಬರ್ ಬದಲಿಸುವುದು ಹೇಗೆ? ಅದನ್ನೇ ಯೋಚಿಸುತ್ತಾ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ರಾತ್ರಿ ಮಾಡಿದ ಮೊದಲ ಕೆಲಸವೇ ಕೊನೆಗೆ ನನ್ನನ್ನು ಕಾಪಾಡಿತು. ಮೇಲ್ ಅನ್ನು ಪಿಡಿಎಫ್ ಮಾಡಿ ಇಟ್ಟುಕೊಂಡೆ. ಕಂಪನಿಯ ಆಪ್‌ನಲ್ಲಿ ನನ್ನ ಖಾತೆ ತೆರೆದು ಹೆಸರು, ವಿಳಾಸ, ಆರ್ಡರ್ ಇರುವ ಪುಟಗಳ ಸ್ಕ್ರೀನ್‌ಶಾಟ್ ತೆಗೆದೆ. ಅವರ ಹತ್ತಿರ ನನ್ನದು ಏನೇನು ಇತ್ತು ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಬೇಕಲ್ವಾ? ಆಮೇಲೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ ಹಾಕಿ ಬರೆಯಲು ಶುರು ಮಾಡಿದೆ.

ಅದೇ ಪಾಸ್‌ವರ್ಡನ್ನು ನಾನು ಇನ್ನೂ ಮೂರು ಕಡೆ ಇಟ್ಟಿದ್ದೆ, ಅದರಲ್ಲಿ ಒಂದು ಇಮೇಲ್. ಎಲ್ಲವನ್ನೂ ಬದಲಿಸಿ, ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದೆ. ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಆನ್‌ಲೈನ್ ವ್ಯವಹಾರ ಬಂದ್ ಮಾಡಿದೆ. ಎಂಆಧಾರ್ ಆಪ್‌ನಲ್ಲಿ ನನ್ನ ಮತ್ತು ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿದೆ. ಆಧಾರ್ ನಂಬರ್ ಮತ್ತು ಬೆರಳಚ್ಚು ಸಾಕು, ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಖಾತೆಯಿಂದ ಹಣ ತೆಗೆಯಬಹುದು. ಒಟಿಪಿ ಬರುವುದಿಲ್ಲ. ಲಾಕ್ ಇದ್ದರೆ ಆ ದಾರಿ ಮುಚ್ಚುತ್ತದೆ, ನಮಗೆ ಬೇಕಾದಾಗ ತೆರೆದುಕೊಳ್ಳಬಹುದು.

ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ನೋಡಬಹುದು. ನನ್ನ ಹೆಸರಿನಲ್ಲಿ ಮೂರು ಇತ್ತು. ಒಂದು ನನ್ನದು, ಒಂದು ಅಮ್ಮ ಬಳಸುವುದು. ಮೂರನೆಯದು ಯಾರದೆಂದು ಗೊತ್ತಿಲ್ಲ. ಅದರ ಕೊನೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ‘ನನ್ನದಲ್ಲ’ ಎಂದು ದೂರು ಒತ್ತಿದೆ.

ವಾರದೊಳಗೆ ಅಮ್ಮನ ಫೋನಿಗೇ ಕರೆ ಬಂತು. ವಾಷಿಂಗ್ ಮೆಷಿನ್ ಯಾವ ಮಾಡೆಲ್ ಎಂದು ಅವನೇ ಹೇಳಿದನಂತೆ. ಹಣ ವಾಪಸ್ ಬರಲಿಕ್ಕುಂಟು, ಒಟಿಪಿ ಹೇಳಿ ಅಂದನಂತೆ. ಅಮ್ಮ, “ಮಗಳು ಬರ್ಲಿ, ಮತ್ತೆ ಮಾಡಿ” ಎಂದು ಇಟ್ಟುಬಿಟ್ಟರು. ನಮ್ಮ ಹಣ ಹೋಗಲಿಲ್ಲ. ಯಾರದಾದರೂ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನ ಸೋರಿಕೆಯದು ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕನೇ ದಿನಕ್ಕೆ ಹೋದರೆ ಲೆಕ್ಕ ಬದಲಾಗುತ್ತದೆ. ಆದರೆ ನಾವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದೇ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ದೇಶದಲ್ಲಿ ಕ್ರೆಡಿಟ್ ವರದಿ, ಅಂದರೆ ನಮ್ಮ ಹೆಸರಿನ ಸಾಲಗಳ ದಾಖಲೆ, ಕೊಡುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಂದು ಪೂರ್ತಿ ವರದಿಯನ್ನು ನಾಲ್ಕೂ ಉಚಿತವಾಗಿ ಕೊಡಬೇಕು. ಅಕ್ಟೋಬರ್ 10ರಂದು ಎರಡು ಕಂಪನಿಗಳ ವರದಿ ತೆಗೆದೆ. ಮೊದಲನೆಯದು ಸರಿ ಇತ್ತು. ಎರಡನೆಯದರಲ್ಲಿ ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿಯಿಂದ 38,000 ರೂಪಾಯಿ ಸಾಲ. ಸೆಪ್ಟೆಂಬರ್‌ನಲ್ಲಿ ಕೊಟ್ಟದ್ದು.

ಕೈ ನಡುಗಿತು. ಸ್ವಲ್ಪ ಹೊತ್ತು ಬಿಟ್ಟು ಆ ವರದಿಯನ್ನು ಕಾಲೇಜಿನ ಆಫೀಸಿನಲ್ಲಿ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದಿದೆ. ಸಾಲಕ್ಕೆ ಕೊಟ್ಟ ಮೊಬೈಲ್ ನಂಬರ್ ಅದೇ ಮೂರನೇ ಸಿಮ್. ಅದರ ಕೆಳಗೆ ವಿಳಾಸ. ನಮ್ಮ ಕುಂಜಿಬೆಟ್ಟುವನ್ನು ಇಂಗ್ಲಿಷಿನಲ್ಲಿ ಬರೆದದ್ದರಲ್ಲಿ ‘e’ ಅಕ್ಷರ ಇರಲಿಲ್ಲ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಮನೆಗೆ ಬಂದು ಆ ರಾತ್ರಿಯ ಸ್ಕ್ರೀನ್‌ಶಾಟ್ ತೆರೆದೆ. ವಾಷಿಂಗ್ ಮೆಷಿನ್ ಆರ್ಡರ್ ಮಾಡುವಾಗ ಸರ್ವಿಸ್ ಬಸ್ಸಿನಲ್ಲಿ ನಿಂತುಕೊಂಡೇ ವಿಳಾಸ ಟೈಪ್ ಮಾಡಿದ್ದೆ. ಅಲ್ಲಿಯೂ ಅದೇ ‘e’ ಬಿಟ್ಟುಹೋಗಿತ್ತು. ನನ್ನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಯಾವುದರಲ್ಲಿಯೂ ಆ ತಪ್ಪು ಇಲ್ಲ. ಆ ತಪ್ಪು ವಿಳಾಸ ಇದ್ದದ್ದು ಆ ಒಂದು ಕಂಪನಿಯಲ್ಲಿ ಮಾತ್ರ.

ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಪ್ರಿಂಟ್ ಹಿಡಿದು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆ. “ದುಡ್ಡು ಹೋಗ್ಲಿಲ್ಲ ಅಲ್ವಾ ಮೇಡಂ?” ಎಂದು ಕೇಳಿದರು. ದುಡ್ಡು ಹೋಗಲಿಲ್ಲ ಸರ್, ಸಾಲ ಬಂದಿದೆ ಅಂದೆ. ಆಮೇಲೆ ಕುಳಿತು ಪೂರ್ತಿ ಕೇಳಿ ದೂರು ಬರೆದುಕೊಂಡರು. ಸ್ವೀಕೃತಿಯ ಪ್ರತಿ ಇಲ್ಲದೆ ಠಾಣೆಯಿಂದ ಏಳಬೇಡಿ, ಮುಂದೆ ಎಲ್ಲಾ ಕಡೆ ಮೊದಲು ಕೇಳುವುದೇ ಅದನ್ನು.

ಕ್ರೆಡಿಟ್ ವರದಿಯ ತಪ್ಪನ್ನು ದೂರು ಕೊಟ್ಟ 30 ದಿನದೊಳಗೆ ಸರಿಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ ಇದು. ಆ ವರದಿಯ ಕಂಪನಿಗೆ ನಾನು ಅಕ್ಟೋಬರ್ 10ರಂದೇ ದೂರು ಕೊಟ್ಟಿದ್ದೆ. ಸರಿಯಾದದ್ದು ನವೆಂಬರ್ 28ಕ್ಕೆ, 49 ದಿನ. ನಾನು ನಿಯಮ ತೋರಿಸಿ ಮೇಲ್ ಬರೆದ ಮೇಲೆ 19 ದಿನದ ಲೆಕ್ಕಕ್ಕೆ 1,900 ರೂಪಾಯಿ ಖಾತೆಗೆ ಬಂತು. ಮೊತ್ತ ಸಣ್ಣದು. ಆದರೆ ತಪ್ಪಿಗೆ ಬೆಲೆ ಕೊಡಿಸಬಹುದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದಲೇ.

ಇನ್ನು ಸೋರಿಕೆ ಮಾಡಿದ ಕಂಪನಿ. ನಮ್ಮ ಕಾಲೇಜಿನ ಕೇಸು ನೋಡುವ ವಕೀಲರನ್ನು ಕೇಳಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಉಂಟು, ಅದಕ್ಕೆ ಬೆಂಗಳೂರಿನಲ್ಲಿ ಐಟಿ ಇಲಾಖೆಯ ಕಾರ್ಯದರ್ಶಿಯ ಮುಂದೆ ಹೋಗಬೇಕು ಅಂದರು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿವರೆಗೆ ದಂಡ ಇದೆ, ಆದರೆ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಕಳೆದುಕೊಂಡವರಿಗೆ ಒಂದು ರೂಪಾಯಿ ಕೊಡಿಸುವ ಕಲಂ ಅದರಲ್ಲಿಲ್ಲ. ಇದು ನನಗೆ ಈಗಲೂ ಅನ್ಯಾಯ ಎಂದೇ ಅನಿಸುತ್ತದೆ. ರಾತ್ರಿ ನಿದ್ದೆ ಕೆಟ್ಟದ್ದು ನಮ್ಮದು.

ಆ ವಕೀಲರೇ ಮೂರನೇ ದಾರಿ ಹೇಳಿದರು. “ಗ್ರಾಹಕರ ಆಯೋಗಕ್ಕೆ ನೀವೇ ಹಾಕಿ ಮೇಡಂ, ವಕೀಲರು ಬೇಕು ಅಂತಲೇ ಇಲ್ಲ.” ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದನ್ನು 2019ರ ಗ್ರಾಹಕರ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಕಳ್ಳರು ಕದ್ದದ್ದು, ನಾವು ಕೊಟ್ಟದ್ದಲ್ಲ ಎಂದು ಕಂಪನಿ ಹೇಳಬಹುದು, ಹಾಗಾಗಿ ಸೇವೆಯ ಕೊರತೆ ಎಂದೂ ಬರೆಯಿರಿ ಅಂದರು. ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿ ಇದ್ದರೂ ಗ್ರಾಹಕ ತನ್ನ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಮೊದಲು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ 15 ದಿನ ಕೊಟ್ಟೆ. ಉತ್ತರ ಬರಲಿಲ್ಲ. ಡಿಸೆಂಬರ್‌ನಲ್ಲಿ ಇ-ದಾಖಿಲ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಉಡುಪಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿದೆ. ಈಗ ಅದರ ಜಾಗದಲ್ಲಿ ಇ-ಜಾಗೃತಿ ಬಂದಿದೆ. ಕೇಳಿದ್ದು 60,000. ರಜೆ ಹಾಕಿದ ದಿನಗಳು, ಜೆರಾಕ್ಸ್, ಬಸ್ಸಿನ ಖರ್ಚು, ಎಲ್ಲದಕ್ಕೂ ಪುಸ್ತಕದಲ್ಲಿ ತಾರೀಕು ಇತ್ತು. ಮಾನಸಿಕ ತೊಂದರೆಗೆ ಎಂದು ಬೇರೆಯೇ ಕೇಳಿದೆ.

ಕಂಪನಿಯ ವಕೀಲರು ನಾನು ಅಂದುಕೊಂಡಿದ್ದ ಪ್ರಶ್ನೆಯನ್ನೇ ಎತ್ತಿದರು. ಈ ಮಾಹಿತಿ ನಮ್ಮಿಂದಲೇ ಹೋದದ್ದು ಎನ್ನಲು ಆಧಾರ ಏನು? ಪ್ಯಾನ್, ಆಧಾರ್ ಪ್ರತಿ ನೂರು ಕಡೆ ಇರುತ್ತದೆ. ನಾನು ಎರಡು ಹಾಳೆ ಅಕ್ಕಪಕ್ಕ ಇಟ್ಟೆ. ಒಂದು ಆ ರಾತ್ರಿಯ ಸ್ಕ್ರೀನ್‌ಶಾಟ್, ಇನ್ನೊಂದು ಕ್ರೆಡಿಟ್ ವರದಿ. ಎರಡರಲ್ಲೂ ಕುಂಜಿಬೆಟ್ಟುವಿನ ‘e’ ಇಲ್ಲದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆ. ಮುಂದಿನ ತಾರೀಕಿಗೆ ಅವರೇ ರಾಜಿಗೆ ಬಂದರು. 25,000 ರೂಪಾಯಿ, ಜೊತೆಗೆ ನನ್ನ ಯಾವ ಯಾವ ಮಾಹಿತಿ ಹೋಗಿದೆ ಎಂಬ ಪತ್ರ. ನನಗೆ ಹಣಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಆ ಪತ್ರ. ನಾಳೆ ಇನ್ನೊಂದು ಸಾಲ ನನ್ನ ಹೆಸರಿನಲ್ಲಿ ಬಂದರೆ ಮೊದಲು ತೋರಿಸುವುದು ಅದನ್ನೇ.

ಈಗ ಯಾವ ಕಂಪನಿಯಿಂದ ಸಾಮಾನು ತರಿಸಿದರೂ ಡೆಲಿವರಿ ವಿಳಾಸದಲ್ಲಿ ಒಂದೊಂದು ಗುರುತು ಬಿಡುತ್ತೇನೆ. ಗುರುತು ಪರಿಶೀಲಿಸುವ ಕೆವೈಸಿಯಲ್ಲಿ ಹಾಗೆ ಮಾಡುವುದಿಲ್ಲ, ಅಲ್ಲಿ ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು. ಒಬ್ಬರಿಗೆ ‘ಬಾವಿಯ ಹತ್ತಿರ’, ಇನ್ನೊಬ್ಬರಿಗೆ ‘ಹಲಸಿನ ಮರದ ಎದುರು’. ಮೊನ್ನೆ ಮಿಕ್ಸಿ ತರಿಸಿದಾಗ ‘ತೆಂಕು ಬದಿ’ ಎಂದು ಬರೆದೆ, ಪುಸ್ತಕದಲ್ಲಿ ಕಂಪನಿಯ ಹೆಸರಿನ ಮುಂದೆ ಅದನ್ನೇ ಬರೆದು ತಾರೀಕು ಹಾಕಿದೆ.