ಸೋಮವಾರ ಬೆಳಗಿನ ವೈಪ್: ನನ್ನ ಅನುಭವ

ಶುಕ್ರವಾರ ಸಂಜೆ 6ಕ್ಕೆ ಹಾಟ್ ಲ್ಯಾಬ್‌ಗೆ, ಅಂದರೆ ವಿಕಿರಣ ಸೂಸುವ ಔಷಧಿ ತಯಾರಿಸುವ ಕೋಣೆಗೆ, ಬೀಗ ಹಾಕಿದರೆ ಸೋಮವಾರ ಬೆಳಗ್ಗೆ 6ಕ್ಕೆ 60 ಗಂಟೆ. ಸ್ಕ್ಯಾನ್‌ಗೆ ರೋಗಿಗಳಿಗೆ ಚುಚ್ಚುವ ಟೆಕ್ನೀಷಿಯಂ-99ಎಂ ಆರು ಗಂಟೆಗೊಮ್ಮೆ ಅರ್ಧ ಆಗುತ್ತದೆ, ಅಂದರೆ ಅದಕ್ಕೆ ಇದು ಹತ್ತು ಹಾಫ್ ಲೈಫ್. ಸಾವಿರದಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಆ ವಾರ ಶನಿವಾರವೂ ರಜೆ ಇತ್ತು. ಹಾಗಿದ್ದೂ ಸೋಮವಾರ ಕಾರಿಡಾರ್ ನೆಲದ ವೈಪ್, ಅಂದರೆ ನೆಲ ಒರೆಸಿದ ಕಾಗದ, ಕೌಂಟರ್‌ನಲ್ಲಿ ನಿಮಿಷಕ್ಕೆ 900ರ ಹತ್ತಿರ ಎಣಿಕೆ ಕೊಟ್ಟಿತು. ಬ್ಯಾಕ್‌ಗ್ರೌಂಡ್, ಅಂದರೆ ಏನೂ ಇಡದಾಗಲೂ ಬರುವ ಎಣಿಕೆ, 60ರ ಆಸುಪಾಸು.

ಕಾಸರಗೋಡಿನ ಕಡೆಯ ಒಂದು ಸಣ್ಣ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸರ್ವೆ, ಅಂದರೆ ಎಲ್ಲೆಲ್ಲಿ ವಿಕಿರಣ ಇದೆ ಎಂದು ಅಳೆಯುವುದು, ನನ್ನ ಜವಾಬ್ದಾರಿ. ಆ ಕಾರಿಡಾರ್‌ನಲ್ಲಿ ಮೀಟರ್ ಒಂದು ದಿನ ಏರುತ್ತಿತ್ತು, ಒಂದು ದಿನ ಇಳಿಯುತ್ತಿತ್ತು. ಮಳೆಗಾಲದ ತೇವಕ್ಕೆ ಮೀಟರ್ ಕೆಟ್ಟಿದೆ ಎಂದರು ಎಲ್ಲರೂ. ಕ್ಯಾಲಿಬ್ರೇಶನ್‌ಗೆ ಕಳಿಸಿದೆವು. ಒಂದೂವರೆ ತಿಂಗಳು, ಸಾಗಾಟ ಸೇರಿ ಸುಮಾರು 18 ಸಾವಿರ ರೂಪಾಯಿ. ಮೀಟರ್ ಸರಿಯಾಗೇ ಇತ್ತು. ಆಮೇಲೆ ನಾನೇ ಮೀಟರ್‌ನ ಚಪ್ಪಟೆ ಪ್ಯಾನ್‌ಕೇಕ್ ಪ್ರೋಬನ್ನು ಬಾಗಿಲ ಸಂದಿಗೆ ಹಿಡಿಯಲು ಹೋಗಿ ಅದರ ತೆಳು ಮೈಕಾ ಕಿಟಕಿಗೆ ಮೊಳೆ ತಾಗಿಸಿ ಒಡೆದೆ. ಅದಕ್ಕೊಂದು 35 ಸಾವಿರ. ಆಡಳಿತದವರು ಎರಡು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ.

ಮೀಟರ್ ಹಿಡಿದು ಕಾರಿಡಾರ್‌ನಲ್ಲಿ ಎಷ್ಟು ನಿಧಾನ ನಡೆದರೂ ಪ್ರಯೋಜನ ಇಲ್ಲ. ಗೋಡೆಯಾಚೆ ಇಂಜೆಕ್ಷನ್ ಆದ ನಾಲ್ಕು ರೋಗಿಗಳು ಕೂತಿರುತ್ತಾರೆ. ಅವರಿಂದ ಬರುವ ಗಾಮಾ ಕಿರಣದಲ್ಲಿ ನೆಲದ ಸಣ್ಣ ಕಲೆ ಮುಚ್ಚಿಹೋಗುತ್ತದೆ. ವೈಪ್ ಹಾಗಲ್ಲ. ಒರೆಸಿ ದೂರದ ಕೋಣೆಗೆ ಒಯ್ದು ಎಣಿಸಬಹುದು. ಅದಕ್ಕೇ 12 ಜಾಗ ಗುರುತು ಹಾಕಿ ದಿನಕ್ಕೆರಡು ಸಲ ವೈಪ್ ಶುರು ಮಾಡಿದೆ, ಒಂದೊಂದೂ 100 ಚದರ ಸೆಂಟಿಮೀಟರ್. ಕಾಗದಕ್ಕೆ ಏನು ಹಾಕಿ ತೇವ ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಬರೀ ನೀರಲ್ಲ ಎಂದಷ್ಟು ಹೇಳುತ್ತೇನೆ.

"ಸುಮ್ನೆ ಕಾಗದ ಹಾಳು" ಅಂದರು ಜೊತೆಯವರು. "ಕೆಲಸದವರಿಗೆ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ವಿಕಿರಣದ ಮಿತಿ, ನಮ್ಮ ಬ್ಯಾಡ್ಜ್ ಒಂದೂ ದಾಟಿಲ್ಲ, ಮತ್ತೇನು?" ಮೈಗೆ ತಾಗಿದ ವಿಕಿರಣ ಅಳೆಯುವ ಬ್ಯಾಡ್ಜ್ ನಮಗುಂಟು. ನೆಲ ಒರೆಸುವ ಅಕ್ಕನಿಗೆ ಇಲ್ಲ. ಅವರಿಗೆ ಇರುವುದು ಸಾರ್ವಜನಿಕರ ಮಿತಿ, 1 ಮಿಲಿಸೀವರ್ಟ್. ನನ್ನ ನಿದ್ದೆ ಕೆಡಿಸಿದ್ದು ಇದೇ.

ವೈಪ್ ಎಣಿಸುವ ನಮ್ಮ ಹಳೆಯ ವೆಲ್ ಕೌಂಟರ್‌ನಲ್ಲಿ ಸ್ಪೆಕ್ಟ್ರಮ್ ನೋಡಿ ಯಾವ ಧಾತು ಎಂದು ಗುರುತಿಸುವ ಅನುಕೂಲ ಇಲ್ಲ. ಹಾಗಾಗಿ ಅದೇ ವೈಪನ್ನು ಆರು ಗಂಟೆ ಬಿಟ್ಟು ಮತ್ತೆ ಎಣಿಸಿದೆ. ಟೆಕ್ನೀಷಿಯಂ ಆಗಿದ್ದರೆ ಅರ್ಧ ಆಗಬೇಕಿತ್ತು. 880 ಬಂತು. ಟೆಕ್ನೀಷಿಯಂ ಹುಟ್ಟಿಸುವ ಜನರೇಟರ್‌ನ ಮಾಲಿಬ್ಡಿನಮ್ ಇರಬಹುದೇ ಎಂದು ಒಬ್ಬರು ಕೇಳಿದರು. ಅದು ಅರ್ಧ ಆಗಲು 66 ಗಂಟೆ. ಕವರಿನಲ್ಲಿ ಹಾಕಿ ದಿನಾ ಎಣಿಸುತ್ತಾ ಹೋದೆ. ಬ್ಯಾಕ್‌ಗ್ರೌಂಡ್ ಕಳೆದರೆ ಎಂಟನೇ ದಿನಕ್ಕೆ ಸರಿಸುಮಾರು ಅರ್ಧ. ಥೈರಾಯ್ಡ್ ರೋಗಿಗಳಿಗೆ ಕುಡಿಸುವ, ಎಂಟು ದಿನಕ್ಕೆ ಅರ್ಧ ಆಗುವ ಅಯೋಡಿನ್-131! ಆ ದಿನ ನನಗಾದ ಖುಷಿ ಹೇಳತೀರದು.

ಈ ನಡುವೆ ಇನ್ನೊಂದು ಪ್ರಯೋಗ. ಮೀಟರ್ ದಿನಾ ಒಂದೇ ಥರ ಓದುತ್ತದಾ ಎಂದು ನೋಡಲು ಏನಾದರೂ ಬೇಕಿತ್ತು. ಊರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪೆಟ್ರೋಮ್ಯಾಕ್ಸ್ ಉಂಟು, ಯಕ್ಷಗಾನದ ಆಟಕ್ಕೆ ಉರಿಸುತ್ತಿದ್ದದ್ದು. ಜೊತೆಗೆ ಉರಿಸದ ಹಳೆ ಮ್ಯಾಂಟಲ್‌ನ, ಅಂದರೆ ಬೆಳಕು ಕೊಡುವ ಬಲೆಚೀಲದ, ಪೊಟ್ಟಣ ಒಂದು ಸಿಕ್ಕಿತು. ತುಸು ವಿಕಿರಣ ಸೂಸುವ ಥೋರಿಯಂ ಇರುವ ಮ್ಯಾಂಟಲ್. ಪ್ರೋಬ್ ಹಿಡಿದದ್ದೇ ಕಟಕಟ ಎಂದಿತು. ಎರಡು ಕವರಿನೊಳಗೆ ಸೀಲ್ ಮಾಡಿ ಬೀರುವಿನಲ್ಲಿಟ್ಟಿದ್ದೇನೆ. ಬೆಳಗ್ಗೆ ಮೊದಲು ಅದನ್ನು ಓದಿ, ಆಮೇಲೇ ಸರ್ವೆ. ಉರಿಸಿದ ಮ್ಯಾಂಟಲ್ ಮಾತ್ರ ಬೇಡ, ಬೂದಿ ಹಾರುತ್ತದೆ.

ಅಯೋಡಿನ್ ಕಾರಿಡಾರ್‌ಗೆ ಬಂದದ್ದು ಹೇಗೆ? ನಾನು ನಲ್ಲಿ, ಬಾಗಿಲ ಹಿಡಿ, ಫೋನ್ ಎಲ್ಲ ಒರೆಸಿ ಸೋತೆ. ಉತ್ತರ ಕೊಟ್ಟದ್ದು ಆ ಅಕ್ಕ. "ಬಾಲ್ದಿ ಒಂದೇ ಅಲ್ವಾ ಕೊಟ್ಟದ್ದು ಸಾರ್? ಟಾಯ್ಲೆಟ್‌ಗೂ ಅದೇ, ಹೊರಗೂ ಅದೇ." ಅಯೋಡಿನ್ ಡೋಸ್ ಕುಡಿದ ರೋಗಿಗಳ ಟಾಯ್ಲೆಟ್ ಒರೆಸಿದ ಮಾಪ್ ಇಡೀ ವಿಭಾಗ ಸುತ್ತುತ್ತಿತ್ತು. ಮಾಪಿನ ನೂಲಿನ ಹತ್ತಿರ ಪ್ರೋಬ್ ತಂದೆ. ಮುಳ್ಳು ಸ್ಕೇಲ್‌ನ ಕೊನೆಗೆ ಹೋಗಿ ನಿಂತಿತು. ಮಳೆಯಲ್ಲಿ ಒಣಗದ ಮಾಪ್, ದಿನಾ ಹೊಸ ಅಯೋಡಿನ್ ಕುಡಿಯುತ್ತಿತ್ತು.

ಮೊದಲು ಅಕ್ಕನ ಕೈ ನೋಡಿದೆ, ಏನೂ ಇರಲಿಲ್ಲ. ಚಪ್ಪಲಿಯ ಅಡಿಯಲ್ಲಿ ಸ್ವಲ್ಪ ಇತ್ತು. ಒಳಹೋದ ಅಯೋಡಿನ್ ಕುತ್ತಿಗೆಯ ಥೈರಾಯ್ಡ್‌ನಲ್ಲಿ ಸೇರುತ್ತದೆ, ಹಾಗಾಗಿ ಅದನ್ನು ಅಳೆಯುವ ಅಪ್ಟೇಕ್ ಪ್ರೋಬ್ ಎದುರು ಕೂರಿಸಿ ಕುತ್ತಿಗೆ ಎಣಿಸಿದೆ. ಬ್ಯಾಕ್‌ಗ್ರೌಂಡ್‌ಗಿಂತ ಜಾಸ್ತಿ ಬರಲಿಲ್ಲ. ಆಗ ಉಸಿರು ಬಂತು.

ನೆಲ ತೊಳೆಯುವಲ್ಲಿ ನಾನೊಂದು ತಪ್ಪು ಮಾಡಿದ್ದೆ. ಮೊದಲ ವಾರ ಬ್ಲೀಚಿಂಗ್ ಪೌಡರ್ ಹಾಕಿಸಿದ್ದೆ. ಬ್ಲೀಚ್ ಆಗಲಿ ಆಸಿಡ್ ಆಗಲಿ ಅಯೋಡಿನ್ನನ್ನು ಗಾಳಿಗೆ ಎಬ್ಬಿಸುತ್ತದೆ. ಈಗ ಸೋಪಿನ ನೀರು, ಜೊತೆಗೆ ಅಯೋಡಿನ್ ಗಾಳಿಗೆ ಏಳದಂತೆ ಹಿಡಿಯುವ ಸೋಡಿಯಂ ಥಯೋಸಲ್ಫೇಟ್. ಹೊರಗಿನಿಂದ ಒಳಕ್ಕೆ ಒರೆಸುವುದು, ಪ್ರತಿ ಸಲ ಹೊಸ ಟಿಶ್ಯೂ. ಪ್ರಮಾಣ ನೀವೇ ಕಂಡುಕೊಳ್ಳಿ, ನನಗೆ ನಾಲ್ಕು ಸಲ ಬೇಕಾಯಿತು. ಹಳೆ ಮಾಪ್ 80 ದಿನ, ವಿಕಿರಣ ತಾನಾಗಿ ಇಳಿಯಲು ಬಿಡುವ ಡಿಕೇ ಡ್ರಮ್ಮಿನಲ್ಲಿತ್ತು.

ಟಾಯ್ಲೆಟ್‌ಗೆ ಕೆಂಪು ಬಾಲ್ದಿ, ಹೊರಗೆ ನೀಲಿ, ಎರಡು ಮಾಪ್. ಒಟ್ಟು 900 ರೂಪಾಯಿ ಚಿಲ್ಲರೆ. ಬಾಲ್ದಿಯ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದೆ. ಒಂದೂವರೆ ವರ್ಷ ಆಯಿತು, ಸೋಮವಾರದ ವೈಪ್ ಒಮ್ಮೆಯೂ 80 ದಾಟಿಲ್ಲ. ಕಾಗದ ಹಾಳು ಎಂದವರೇ ಈಗ ತಮ್ಮ ಪಾಳಿಯ ವೈಪ್ ತಂದು ಕೌಂಟರ್ ಮುಂದೆ ಸಾಲು ನಿಲ್ಲುತ್ತಾರೆ. ಮುಂದಿನ ತಿಂಗಳು ಅಕ್ಕನಿಗೂ ಒಂದು ಬ್ಯಾಡ್ಜ್ ಬರುತ್ತದೆ, ಅರ್ಜಿಗೆ ಸಹಿ ಆಗಿದೆ.